ಅತ್ತೆಗೆ ಸಿಕ್ಕ ಪಾರ್ಟು

ಎರಡು ವರ್ಷದ ಹಿಂದಿನ ಮಾತು. ದುಬೈಯಲ್ಲಿ ಆಗಷ್ಟೇ ಸೆಕೆ ಇಳಿದು, ಜನ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರುವ ದಿನಗಳು ಶುರುವಾಗಿದ್ದವು. ನನ್ನ ಅತ್ತೆ ಕಾರ್ಕಳದ ಕಡೆಯಿಂದ ವಿಸಿಟ್ ವೀಸಾದಲ್ಲಿ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ನಾವು ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು; ಅತ್ತೆಯನ್ನು ‘ಮಾಂಯ್’ ಎಂದು ಕರೆಯುತ್ತೇವೆ. ನಾನು ಓದಿದ್ದು ಬ್ರಹ್ಮಾವರದ ಕನ್ನಡ ಶಾಲೆಯಲ್ಲಿ. ಇಲ್ಲಿ ಒಂದು ಕ್ಲಿನಿಕ್ಕಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕೆಲಸ.

ನನಗೆ ನಾಟಕದ ಹುಚ್ಚು. ಕಾಲೇಜಿನಲ್ಲಿದ್ದಾಗ ನನ್ನ ಪಾರ್ಟು ನೋಡಿದ ಬೆಂಗಳೂರಿನ ನಿರ್ದೇಶಕರೊಬ್ಬರು ಸಿನಿಮಾದಲ್ಲಿ ಮಾಡುತ್ತೀಯಾ ಎಂದು ಕೇಳಿದ್ದರು. ಅಪ್ಪ ಬೇಡ ಎಂದರು, ಅಲ್ಲಿಗೆ ಮುಗಿಯಿತು. ಮದುವೆಯಾದ ಹೊಸತರಲ್ಲಿ ನಾವು ಇಗರ್ಜಿ ಎನ್ನುವ ಊರಿನ ಚರ್ಚಿನ ಹಬ್ಬಕ್ಕೆ ನಾಟಕದಲ್ಲಿ ನಟಿಸಿದೆ. ಆ ಸಂಜೆ ಮಾಂಯ್ ತಲೆನೋವು ಎಂದು ಮನೆಯಲ್ಲೇ ಉಳಿದರು. ಮರುದಿನ ಮೀನು ಕೊಯ್ಯುತ್ತಾ, ನನ್ನ ಮುಖ ನೋಡದೆ, “ಮನೆಯ ಸೊಸೆ ಮುಖಕ್ಕೆ ಬಣ್ಣ ಹಚ್ಚಿ ಕುಣಿಯುವುದು ಚಂದವಾ?” ಎಂದರು. ಅಂದಿನಿಂದ ನಾನು ದುಬೈಯ ಕನ್ನಡ ಸಂಘದ ನಾಟಕಗಳಲ್ಲಿ ಎಷ್ಟೇ ಪಾರ್ಟು ಮಾಡಿದರೂ ಅವರಿಗೆ ಫೋಟೋ ಕಳಿಸುತ್ತಿರಲಿಲ್ಲ.

ಅವರು ಬಂದು ಎರಡು ವಾರವಾಗಿರಬಹುದು. ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಜಾಹೀರಾತು ಬಂತು. ಪೋರ್ಚುಗಲ್ಲಿನ ಸಿನಿಮಾ ತಂಡವೊಂದು ಅಬುಧಾಬಿಯ ಮರುಭೂಮಿಯಲ್ಲಿ ಚಿತ್ರೀಕರಣಕ್ಕೆ ಬರುತ್ತಿದೆ, ಸಣ್ಣ ಪಾತ್ರಗಳಿಗೆ ಇಲ್ಲಿನ ಜನ ಬೇಕು ಎಂದಿತ್ತು. ಆ ದೇಶದ ಜನರ ಬಾಯಲ್ಲಿ ಹಿಂದಿನಿಂದ ಉಳಿದು ಬಂದ ಮೂರು ಕಥೆಗಳನ್ನು ಸೇರಿಸಿ ಸಿನಿಮಾ ಮಾಡುತ್ತಿದ್ದರು. ಒಂದರಲ್ಲಿ ನಿರಪರಾಧಿಯೊಬ್ಬನನ್ನು ಉಳಿಸಲು ನ್ಯಾಯಾಧೀಶನ ತಟ್ಟೆಯಲ್ಲಿದ್ದ ಹುರಿದ ಹುಂಜ ಎದ್ದು ನಿಂತು ಕೂಗುತ್ತದೆ. ಇನ್ನೊಂದರಲ್ಲಿ ಒರತೆಯ ಬಳಿ ಕೂತು ತಲೆ ಬಾಚುವ, ಶಾಪಕ್ಕೆ ಸಿಕ್ಕ ಹೆಣ್ಣು. ಮೂರನೆಯದು ಆ ದೇಶದ ದಕ್ಷಿಣವನ್ನು ಮುಸ್ಲಿಂ ದೊರೆಗಳು ಆಳುತ್ತಿದ್ದ ಕಾಲದ ಕಥೆ, ದೊರೆಯೊಬ್ಬ ಉತ್ತರದ ಚಳಿನಾಡಿನಿಂದ ಮದುವೆಯಾಗಿ ತಂದ ರಾಜಕುಮಾರಿಯದು. ಅವಳು ಅರಮನೆಯಲ್ಲಿ ದಿನದಿನಕ್ಕೆ ಸೊರಗುತ್ತಾಳೆ, ವೈದ್ಯರಿಗೆ ರೋಗ ಗೊತ್ತಾಗುವುದಿಲ್ಲ. ಕೊನೆಗೆ ಅವಳಿಗೆ ತನ್ನ ಊರಿನ ಹಿಮ ನೆನಪಾಗುತ್ತಿದೆ ಎಂದು ತಿಳಿದು, ದೊರೆ ಬೆಟ್ಟದ ತುಂಬ ಬಾದಾಮಿ ಗಿಡ ನೆಡಿಸುತ್ತಾನೆ. ಗಿಡಗಳು ಬಿಳಿಯಾಗಿ ಹೂಬಿಟ್ಟಾಗ ಬೆಟ್ಟವೇ ಹಿಮದ ಹಾಗೆ ಕಾಣುತ್ತದೆ, ಹುಡುಗಿ ಎದ್ದು ಕೂರುತ್ತಾಳೆ.

ಈ ಸಿನಿಮಾದಲ್ಲಿ ಆ ರೋಗ ಏನೆಂದು ಗುರುತಿಸುವವಳು ಅರಮನೆಯ ಒಬ್ಬ ಮುದಿ ಸೇವಕಿ. ಅವಳಿಗೆ ಇರುವುದು ಒಂದೇ ದೃಶ್ಯ, ಒಂದೇ ಮಾತು. “ಇವಳಿಗೆ ಮದ್ದು ಬೇಡ. ಇವಳಿಗೆ ಇವಳ ಊರಿನ ಹಿಮ ಬೇಕು.” ಆ ಪಾತ್ರಕ್ಕೆ ನಾನು ಅರ್ಜಿ ಹಾಕಿದೆ. ವಯಸ್ಸು ನಲವತ್ತು, ಮುದುಕಿಯಾಗಲು ಮೇಕಪ್ ಸಾಕು ಅಂದುಕೊಂಡೆ. ಪೋರ್ಚುಗೀಸ್ ಭಾಷೆಯಲ್ಲಿದ್ದ ಆ ಮಾತನ್ನು ಮೊಬೈಲಿನಲ್ಲಿ ಕೇಳಿ ಕೇಳಿ ಬಾಯಿಪಾಠ ಮಾಡಿದೆ. ಕ್ಲಿನಿಕ್ಕಿಗೆ ಹೋಗುವ ಮೆಟ್ರೋದಲ್ಲೂ ತುಟಿ ಆಡಿಸುತ್ತಿದ್ದೆ.

ಆಡಿಷನ್ ಒಂದು ಶನಿವಾರ. ನನ್ನ ಗಂಡ ರೋಶನ್, “ಎಲ್ಲರೂ ಹೋಗುವ, ಆಮೇಲೆ ಹೊರಗೆ ಊಟ ಮಾಡುವ. ಯಲ್ಲಾ, ಹೊರಡಿ!” ಎಂದು ಮಾಂಯ್‌ಯನ್ನೂ ಮಗಳು ನಿಕೋಲ್‌ಳನ್ನೂ ಕಾರಿಗೆ ಹತ್ತಿಸಿದರು. ಎಲ್ಲಿಗೆ ಎಂದು ಮಾಂಯ್ ಕೇಳಿದಾಗ ‘ಕೆಲಸದ ಇಂಟರ್‌ವ್ಯೂ’ ಎಂದೆ.

ಆಡಿಷನ್ ಕೋಣೆಯ ಬಾಗಿಲು ತೆರೆದೇ ಇತ್ತು, ಮನೆಯವರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಬೆನ್ನು ಬಗ್ಗಿಸಿ, ಕೈ ನಡುಗಿಸಿ, ದನಿ ಒಡೆದು ಆ ಮಾತು ಹೇಳಿದೆ. ಚೆನ್ನಾಗಿಯೇ ಬಂತು. ನಿರ್ದೇಶಕಿ ತೆರೆಜಾ, ನರೆತ ಗಿಡ್ಡ ಕೂದಲಿನ ಹೆಂಗಸು, ತಲೆದೂಗಿದಳು. ಅಷ್ಟರಲ್ಲಿ ಹೊರಗಿನಿಂದ ಮಾಂಯ್‌ಯ ದನಿ ಕೇಳಿಸಿತು. ಅವರಿಗೆ ಎಸಿ ಗಾಳಿ ಆಗುವುದಿಲ್ಲ. “ರೋಶನ್, ತೆಂ ಜನೆಲ್ ಉಗ್ತೆಂ ಕರ್!” ಆ ಕಿಟಕಿ ತೆರೆ ಎಂದು ಮಗನಿಗೆ ಹೇಳುತ್ತಿದ್ದರು.

ತೆರೆಜಾ ಕೂತಲ್ಲಿಂದ ಎದ್ದೇಬಿಟ್ಟಳು. “ಈಗ ಜನೆಲಾ ಎಂದವರು ಯಾರು?” ಎಂದು ಇಂಗ್ಲಿಷಿನಲ್ಲಿ ಕೇಳುತ್ತಾ ಹೊರಗೆ ಹೋದಳು. ಅವಳ ಭಾಷೆಯಲ್ಲೂ ಕಿಟಕಿಗೆ ಅದೇ ಹೆಸರು; ಪೋರ್ಚುಗೀಸರು ಗೋವಾ ಆಳಿದ ಕಾಲದಲ್ಲಿ ನಮ್ಮ ಕೊಂಕಣಿಗೆ ಬಂದ ಪದ. ಅವಳು ಮೇಜು ಮುಟ್ಟಿ ತೋರಿಸಿದಳು, ಮಾಂಯ್ “ಮೇಜ್” ಎಂದರು. ಕಾಫಿಯ ಚಮಚ ಎತ್ತಿದಳು, ಮಾಂಯ್ “ಕುಲೆರ್” ಎಂದರು. ಕುರ್ಚಿ ತಟ್ಟಿದಳು, “ಕದೆಲ್.” ಪ್ರತಿ ಪದಕ್ಕೂ ಅವಳು ಮಗುವಿನ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದಳು. ನಾನು ಬೆನ್ನು ಬಗ್ಗಿಸಿಕೊಂಡೇ ಬಾಗಿಲಲ್ಲಿ ನಿಂತಿದ್ದೆ. ನನಗೂ ಆ ಪದಗಳು ಗೊತ್ತಿದ್ದವು, ಹುಟ್ಟಿದಾಗಿನಿಂದ. ನನ್ನನ್ನು ಯಾರೂ ಕೇಳಲಿಲ್ಲ.

ಮೂರನೆಯ ದಿನ ಕೌಂಟರಿನಲ್ಲಿದ್ದಾಗ ಫೋನ್ ಬಂತು. ಕಾಸ್ಟಿಂಗ್ ನೋಡಿಕೊಳ್ಳುತ್ತಿದ್ದ ಲೆಬನಾನಿನ ಹುಡುಗಿ ರೀಮ್. “ಮಿಸೆಸ್ ಐರಿನ್, ಒಳ್ಳೆಯ ಸುದ್ದಿ! ತೆರೆಜಾಗೆ ತುಂಬಾ ಇಷ್ಟವಾಗಿದೆ,” ಎಂದಳು. ನನ್ನ ಕಣ್ಣು ತುಂಬಿ ಬಂತು. ಎದುರಿಗಿದ್ದ ರೋಗಿಗೆ ಒಂದು ನಿಮಿಷ ಎಂದು ಕೈ ತೋರಿಸಿದೆ. “ನಿಮ್ಮ ಅತ್ತೆಯ ವೀಸಾ ಎಲ್ಲಿಯವರೆಗೆ ಇದೆ?” ಎಂದು ಅವಳು ಮುಂದುವರಿಸಿದಾಗಲೂ ನನಗೆ ಅರ್ಥವಾಗಲಿಲ್ಲ. ಅತ್ತೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿದೆ. ಅವಳು ತಡವರಿಸಿದಳು. “ಸೇವಕಿಯ ಪಾತ್ರಕ್ಕೆ ಅವರು. ನೀವೂ ಬನ್ನಿ, ಅವರಿಗೆ ಭಾಷೆ ತಿಳಿಸಿ ಹೇಳಲು ಬೇಕು. ನಿಮ್ಮನ್ನು ಅರಮನೆಯ ಹೆಂಗಸರ ಗುಂಪಿನಲ್ಲಿ ನಿಲ್ಲಿಸುತ್ತೇವೆ.”

ಆ ಮಧ್ಯಾಹ್ನ ಎಷ್ಟು ಕಾರ್ಡುಗಳನ್ನು ತಪ್ಪಾಗಿ ಸ್ವೈಪ್ ಮಾಡಿದೆನೋ.

ಮನೆಗೆ ಬಂದು ವಿಷಯ ಹೇಳಿದೆ. ಮಾಂಯ್ ಒಪ್ಪುವುದಿಲ್ಲ ಎಂಬ ಧೈರ್ಯ ನನಗಿತ್ತು. ಹಾಗೆಯೇ ಆಯಿತು. “ನಾನು ಸಿನಿಮಾದಲ್ಲಾ? ನಿನಗೆಂಥ ಮರ್ಲಾ, ತಲೆ ಕೆಟ್ಟಿದೆಯಾ?” ಎಂದು ಒಗ್ಗರಣೆ ಹಾಕಲು ಹೋದರು. ನನಗೆ ಉಸಿರು ಬಂದಂತಾಯಿತು. ಬೆಳಿಗ್ಗೆ ನಾನು ಟಿಫಿನ್ ಕಟ್ಟುವಾಗ ಪಕ್ಕಕ್ಕೆ ಬಂದು ನಿಂತರು. ಸೆರಗಿನ ತುದಿ ತಿರುಚುತ್ತಾ, “ಐರಿನ್, ಅವಳಿಗೆ ಆಗಲಿ ಅಂತ ಹೇಳು. ನನಗೆ ಮೇಕಪ್ ಮಾಡ್ತಾರಾ?” ಎಂದರು.

ಮುಖಕ್ಕೆ ಬಣ್ಣ ಹಚ್ಚುವುದು ಚಂದವಾ ಎಂದು ಕೇಳಿದ ಬಾಯಿ ಅದೇ. ಟಿಫಿನ್ನಿನ ಮುಚ್ಚಳ ಒತ್ತಿದ ರಭಸಕ್ಕೆ ಸಾರು ಹೊರಗೆ ಚೆಲ್ಲಿತು.

ಮುಂದಿನ ವಾರಗಳು ನನ್ನ ಪಾಲಿಗೆ ನರಕ. ರೋಶನ್ ಕುಟುಂಬದ ಗುಂಪಿಗೆ ಸುದ್ದಿ ಹಾಕಿದರು. ಊರಿನಿಂದ ಫೋನಿನ ಮೇಲೆ ಫೋನು. ಕೆಳಗಿನ ಗ್ರೋಸರಿಯವನು ಕೂಡ “ಮಮ್ಮಿ ಹೀರೋಯಿನ್!” ಎನ್ನತೊಡಗಿದ. ನಿಕೋಲ್ ಶಾಲೆಯಲ್ಲೆಲ್ಲ ‘ಮೈ ಗ್ರ್ಯಾನಿ ಈಸ್ ಇನ್ ಎ ಮೂವಿ’ ಎಂದು ಹೇಳಿಕೊಂಡು ಬಂದಳು. ನಾನು ಇಷ್ಟು ವರ್ಷ ಸ್ಟೇಜಿನ ಮೇಲೆ ನಿಂತಿದ್ದೆ. ನನ್ನ ಮಗಳು ಒಮ್ಮೆಯಾದರೂ ‘ಮೈ ಮಮ್ಮಾ’ ಎಂದಿದ್ದಳೇ? ಕನ್ನಡಿಯ ಮುಂದೆ ನಿಂತು ಹಣೆ ಸುಕ್ಕಾಗಿಸಿ ನೋಡುತ್ತಿದ್ದೆ. ಅತ್ತೆಯ ಸುಕ್ಕಿನ ಮೇಲೂ ಒಬ್ಬಳಿಗೆ ಹೊಟ್ಟೆಕಿಚ್ಚು ಬರಬಹುದು ಎಂದು ನನಗೆ ಗೊತ್ತಾಗಿದ್ದು ಆಗ. ಅವರಿಗೆ ಆ ಪೋರ್ಚುಗೀಸ್ ಮಾತನ್ನು ಕಲಿಸಬೇಕಾದವಳೂ ನಾನೇ. ಬಂಗುಡೆ ತೊಳೆಯುತ್ತಾ ಅದನ್ನೇ ಗುನುಗುತ್ತಿದ್ದರು. “ಸರಿಯಾಯಿತಾ?” ಎಂದು ಪ್ರತಿಸಲ ಕೇಳುತ್ತಿದ್ದರು. “ಸರಿಯಾಯಿತು,” ಎನ್ನುತ್ತಿದ್ದೆ, ಅವರ ಮುಖ ನೋಡದೆ.

ಚಿತ್ರೀಕರಣ ಅಬುಧಾಬಿಯ ಆಚೆ ಲಿವಾ ಮರಳುಗಾಡಿನಲ್ಲಿ. ಮರಳ ದಿಬ್ಬಗಳ ನಡುವೆ ಮಣ್ಣು ಬಣ್ಣದ ಅರಮನೆಯೊಂದನ್ನು ನಿಲ್ಲಿಸಿದ್ದರು. ನನಗೆ ಮುಖ ಅರ್ಧ ಮುಚ್ಚುವ ಮುಸುಕು, ಕೈಗೆ ಒಂದು ನೀರಿನ ಕೊಡ. ಮಾಂಯ್‌ಗೆ ಕಂದು ಬಣ್ಣದ ದಪ್ಪ ನಿಲುವಂಗಿ. ಅವರ ಮುಖಕ್ಕೆ ಸ್ವಲ್ಪ ಧೂಳು ಬಣ್ಣ ಬಳಿದು, ಅಷ್ಟು ಸಾಕು ಎಂದರು. ಹಾಸಿಗೆಯಲ್ಲಿ ರಾಜಕುಮಾರಿಯಾಗಿ ಮಲಗಿದ್ದ ಹುಡುಗಿ ತೆಳ್ಳಗೆ, ಹಾಲಿನ ಬಣ್ಣ. ಮಾಂಯ್ ವೈದ್ಯರ ನಡುವೆ ನಡೆದುಬಂದು, ಅವಳ ಬಳಿ ಕೂತು, ಹಣೆ ಮುಟ್ಟಿ, ಮಾತು ಹೇಳಬೇಕು.

ಮೊದಲ ಸಲ ಅವರು ನೇರ ಕ್ಯಾಮೆರಾ ನೋಡಿದರು. ಎರಡನೆಯ ಸಲ ಮಾತು ಮರೆತರು. ಆಮೇಲೆ ಎಷ್ಟು ಸಲವಾಯಿತೋ, ಒಮ್ಮೆ ನಿಲುವಂಗಿ ಕಾಲಿಗೆ ಸಿಕ್ಕಿತು, ಒಮ್ಮೆ ಹಣೆ ಮುಟ್ಟುವ ಬದಲು ಶಿಲುಬೆಯ ಗುರುತು ಹಾಕಿಬಿಟ್ಟರು. ತೆರೆಜಾ ಸಿಟ್ಟಾಗಲಿಲ್ಲ, ಆದರೆ ಸೂರ್ಯ ಇಳಿಯುತ್ತಿದ್ದ. ಕೊನೆಕೊನೆಗೆ ಮಾಂಯ್‌ಯ ಗಲ್ಲ ಅದುರತೊಡಗಿತು. ಕೊಡ ಹಿಡಿದು ಗೋಡೆಯ ಬಳಿ ನಿಂತಿದ್ದ ನನ್ನ ಮುಸುಕಿನೊಳಗೆ ಏನಿತ್ತು ಎಂದು ಸುಳ್ಳು ಹೇಳಲಾರೆ. ಖುಷಿಯಿತ್ತು.

ಆಗ ರೀಮ್ ನನ್ನ ಹತ್ತಿರ ಬಂದು ಮೆಲ್ಲಗೆ, “ನಿಮಗೆ ಮಾತು ಬರುತ್ತದಲ್ಲ? ತೆರೆಜಾ ಕೇಳುತ್ತಿದ್ದಾಳೆ, ನೀವು ಒಮ್ಮೆ ಮಾಡುತ್ತೀರಾ? ಬೆಳಕು ಹೋಗುತ್ತಿದೆ,” ಎಂದಳು. ಕೊಡ ಅಲ್ಲೇ ಇಟ್ಟೆ.

ಬಟ್ಟೆ ಬದಲಿಸುವ ಡೇರೆಯಲ್ಲಿ ಮಾಂಯ್ ಆಗಲೇ ನಿಲುವಂಗಿ ಕಳಚಿ, ಸೀರೆ ಉಟ್ಟು ಕೂತಿದ್ದರು. ನಿಲುವಂಗಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ತಗೊ. ನನ್ನಿಂದ ಆಗುವುದಿಲ್ಲ,” ಎಂದರು. ನಾನು ಕೈ ಚಾಚಿದೆ. ಅವರು ಬಿಡಲಿಲ್ಲ. “ನಿನಗೆ ಗೊತ್ತುಂಟಾ ಐರಿನ್? ಮದುವೆಗೆ ಮೊದಲು ನಮ್ಮ ಇಗರ್ಜಿಯ ನಾಟಕದಲ್ಲಿ ನನಗೆ ರಾಣಿಯ ಪಾರ್ಟು ಕೊಟ್ಟಿದ್ದರು. ಎಲ್ಲ ಮಾತು ಬಾಯಿಗೆ ಬರುತ್ತಿತ್ತು. ಅಣ್ಣನಿಗೆ ಗೊತ್ತಾಗಿ, ಎಲ್ಲರ ಎದುರು ಕೈ ಹಿಡಿದು ಎಳಕೊಂಡು ಬಂದ. ರಾಣಿಯ ಪಾರ್ಟು ನನ್ನ ಗೆಳತಿಗೆ ಹೋಯಿತು.”

ಅವರು ನಿಲುವಂಗಿಯ ಮಡಿಕೆಯನ್ನು ಸವರಿದರು.

“ನೀನು ಊರಿನಲ್ಲಿ ನಾಟಕ ಮಾಡಿದ ದಿನ ನನಗೆ ತಲೆನೋವು ಎಂಥದ್ದೂ ಇರಲಿಲ್ಲ ಮಾರಾಯ್ತಿ. ನೋಡಲಿಕ್ಕೆ ಆಗಲಿಲ್ಲ, ಅಷ್ಟೇ. ಹೊಟ್ಟೆ ಉರಿಯಿತು.” ಇಷ್ಟು ಹೇಳಿ ನಿಲುವಂಗಿ ಬಿಟ್ಟುಕೊಟ್ಟರು.

ಹೊರಗಿನಿಂದ ರೀಮ್ ಅವಸರ ಮಾಡುತ್ತಿದ್ದಳು. ನಾನು ನಿಲುವಂಗಿ ತೊಟ್ಟೆ. ಅದರಲ್ಲಿ ಅವರ ಮೈಯ ಬಿಸಿ ಇನ್ನೂ ಇತ್ತು. ನನ್ನ ಮುಖಕ್ಕೆ ಗೆರೆ ಬರೆದು, ಕೂದಲಿಗೆ ಬಿಳಿ ಹಚ್ಚಿ ಕ್ಯಾಮೆರಾದ ಮುಂದೆ ಬಿಟ್ಟರು.

ನಾನು ಮಾಡಿದೆ. ಒಂದೇ ಸಲಕ್ಕೆ, ಒಂದಕ್ಷರ ತಪ್ಪದೆ. ಹೆಜ್ಜೆ ಸರಿ, ಕೈ ಸರಿ, ಮಾತು ಮುಗಿಯುವಾಗ ಕಣ್ಣಂಚಿನಲ್ಲಿ ನೀರು ಸರಿ. “ಕಟ್” ಎಂದಾಗ ಕೆಲವರು ಚಪ್ಪಾಳೆ ತಟ್ಟಿದರು. ತೆರೆಜಾ ನನ್ನ ಭುಜ ಒತ್ತಿದಳು. ಅವಳ ಹಿಂದೆ, ದೃಶ್ಯ ಕಾಣುವ ಟೀವಿಯ ಪಕ್ಕದಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾಂಯ್ ಕೂತಿದ್ದರು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ನಟನೆಯನ್ನು ನೋಡಿದ್ದು ಅದೇ ಮೊದಲು. ನಾನು ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದು, “ಚಂದ ಮಾಡಿದೆ, ಬಾಯೆ,” ಎಂದು ಮಗಳನ್ನು ಕರೆಯುವ ಹಾಗೆ ಹೇಳಿದರು.

ಅಲ್ಲಿಗೆ ಮುಗಿದಿದ್ದರೆ ನನ್ನ ಜೀವನದ ಅತ್ಯಂತ ಸುಖದ ದಿನ ಅದಾಗುತ್ತಿತ್ತು. ಆದರೆ ಮಾಂಯ್ ಕಣ್ಣು ಒರೆಸಿಕೊಂಡು ಎದ್ದು ನಿಂತರು. “ಈಗ ನನಗೆ ಗೊತ್ತಾಯಿತು. ಇನ್ನೊಂದು ಸಲ ಕೊಡಲಿಕ್ಕೆ ಅವಳಿಗೆ ಹೇಳು.”

“ಏನು?”

“ನಾನು ಇನ್ನೊಮ್ಮೆ ಮಾಡ್ತೇನೆ ಅಂತ ಹೇಳು.”

ತೆರೆಜಾ ನನ್ನ ಮುಖ ನೋಡಿದಳು. “ಏನು ಹೇಳುತ್ತಿದ್ದಾರೆ?”

ಮಾಂಯ್‌ಗೆ ಇಂಗ್ಲಿಷ್ ಬರುವುದಿಲ್ಲ. ತೆರೆಜಾಗೆ ಕೊಂಕಣಿಯಲ್ಲಿ ಕಿಟಕಿ ಕುರ್ಚಿ ಬಿಟ್ಟರೆ ಏನೂ ತಿಳಿಯದು. ನಡುವೆ ಇದ್ದವಳು ನಾನೊಬ್ಬಳೇ. ‘ಸುಸ್ತಾಗಿದೆಯಂತೆ’ ಎಂದು ಹೇಳಿಬಿಟ್ಟಿದ್ದರೆ ಯಾರಿಗೂ ಎಂದಿಗೂ ಗೊತ್ತಾಗುತ್ತಿರಲಿಲ್ಲ. ಆ ಮಾತು ನನ್ನ ನಾಲಿಗೆಯ ತುದಿಗೂ ಬಂದಿತ್ತು. ಬಿಸಿಲು ಗೋಡೆಯ ಮೇಲೆ ಒಂದು ಪಟ್ಟಿಯಷ್ಟೇ ಉಳಿದಿತ್ತು, ನಾನು ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೂ ಸಾಕಿತ್ತು. ಮಾಂಯ್ ನನ್ನನ್ನೇ ನೋಡುತ್ತಿದ್ದರು. ಅಣ್ಣ ಕೈ ಹಿಡಿದು ಎಳೆದ ದಿನವೂ ಆ ಮುಖ ಹೀಗೇ ಇದ್ದಿರಬೇಕು ಅನ್ನಿಸಿತು.

“ಇನ್ನೊಂದು ಅವಕಾಶ ಕೇಳುತ್ತಿದ್ದಾರೆ,” ಎಂದೆ. ಹೇಳಿದ ಕೂಡಲೇ ಯಾಕೆ ಹೇಳಿದೆನೋ ಅನ್ನಿಸಿತು.

ನಿಲುವಂಗಿ ಮತ್ತೆ ಅವರ ಮೈಗೆ ಹೋಯಿತು. ಗುಂಡಿ ಹಾಕಿದವಳು ನಾನು. ಮಾಂಯ್ ನಡೆದು ಹೋಗಿ ಹಾಸಿಗೆಯ ಬದಿಯಲ್ಲಿ ಕೂತರು. ಈ ಸಲ ಕ್ಯಾಮೆರಾ ನೋಡಲಿಲ್ಲ. ಮಾತೂ ಸರಿಯಾಗಿ ಬಂತು. ದೂರದಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ತೆರೆಜಾ ಬಹಳ ಹೊತ್ತು ಟೀವಿಯನ್ನು ನೋಡುತ್ತಾ ಕೂತಳು. ಆಮೇಲೆ ನಮ್ಮಿಬ್ಬರನ್ನೂ ಕರೆದು, “ಎರಡೂ ನನ್ನ ಬಳಿ ಇವೆ. ಯಾವುದು ಎಂದು ಎಡಿಟಿಂಗ್‌ನಲ್ಲಿ ನೋಡುತ್ತೇನೆ,” ಎಂದಳು.

ನಮ್ಮನ್ನು ಕರೆದೊಯ್ಯಲು ಬಂದ ರೋಶನ್ ಕಾರಿನಲ್ಲಿ ವಿಷಯ ತಿಳಿದು, “ಯಾರದ್ದು ಇಡ್ತಾರಂತೆ?” ಎಂದು ಕೇಳಿದರು. ನಾವಿಬ್ಬರೂ ಒಟ್ಟಿಗೇ “ಗೊತ್ತಿಲ್ಲ” ಎಂದೆವು. “ಹಾಗಾದರೆ ಖಲಾಸ್, ಮನೆಯಲ್ಲಿ ಇನ್ನು ಒಂದು ವರ್ಷ ಯುದ್ಧ,” ಎಂದು ಅವರು ನಕ್ಕರು. ನಾವು ನಗಲಿಲ್ಲ.

ಮಾಂಯ್ ಊರಿಗೆ ಮರಳಿದರು. ಪ್ರತಿ ಭಾನುವಾರ ಫೋನಿನಲ್ಲಿ ಮಳೆ, ಮೀನು, ನಿಕೋಲ್‌ಳ ಓದು ಎಲ್ಲ ಆದ ಮೇಲೆ ಏನೂ ಇಲ್ಲದವರಂತೆ, “ಮತ್ತೆ... ಅವರಿಂದ ಸುದ್ದಿ ಎಂಥದ್ದಾದರೂ ಉಂಟಾ?” ಎಂದು ಕೇಳುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ನನಗೇ ಆಗಲಿ ಎಂದು ನಾನು ಪ್ರಾರ್ಥಿಸುತ್ತಿದ್ದೆ. ಅವರ ಪ್ರಾರ್ಥನೆ ಏನೆಂದು ಕೇಳಬೇಕಾಗಿರಲಿಲ್ಲ.

ಕಳೆದ ವರ್ಷ ಅಬುಧಾಬಿಯ ಒಂದು ಚಿತ್ರಮಂದಿರದಲ್ಲಿ, ಇಲ್ಲಿ ಕೆಲಸ ಮಾಡಿದವರಿಗಾಗಿ ಸಿನಿಮಾ ತೋರಿಸಿದರು. ಒಂದು ಭಾನುವಾರ ಮಧ್ಯಾಹ್ನ ಮೂವರೂ ಹೋದೆವು. ತಟ್ಟೆಯ ಹುಂಜ ಕೂಗಿದಾಗ ನಿಕೋಲ್ ಕೇಕೆ ಹಾಕಿದಳು. ನನಗೆ ಒರತೆಯ ಹೆಣ್ಣಿನ ಕಥೆ ಒಂದಿಷ್ಟೂ ತಲೆಗೆ ಹೋಗಲಿಲ್ಲ. ಆಮೇಲೆ ನಮ್ಮ ಅರಮನೆ ಬಂತು. ವೈದ್ಯರು ಬಂದರು. ಬಾಗಿಲ ಬೆಳಕಿನಲ್ಲಿ ಕಂದು ನಿಲುವಂಗಿಯ ಬೆನ್ನೊಂದು ಕಂಡಿತು. ಯಾರ ಬೆನ್ನು ಎಂದು ತಿಳಿಯಲಿಲ್ಲ. ಅದು ತಿರುಗಿತು.

ಮಾಂಯ್.

ರೋಶನ್ ನನ್ನ ಕೈ ಹಿಡಿಯಲು ಬಂದರು, ನಾನು ಎಳೆದುಕೊಂಡೆ. ಪರದೆಯ ಮೇಲೆ ಅವರು ಹುಡುಗಿಯ ಹಣೆ ಮುಟ್ಟಲಿಲ್ಲ. ಅವಳ ಪಾದ ಹಾಸಿಗೆಯಿಂದ ಹೊರಗೆ ಚಾಚಿತ್ತು. ಮೊದಲು ಅದರ ಮೇಲೆ ಹೊದಿಕೆ ಎಳೆದರು. ಆಮೇಲೆ ಆ ಮಾತನ್ನು ವೈದ್ಯರಿಗೆ ಹೇಳಲಿಲ್ಲ, ಹುಡುಗಿಗೇ ಹೇಳಿದರು, ನನಗೆ ಗೊತ್ತಾಯಿತು ಬಿಡು ಎನ್ನುವ ಹಾಗೆ. ನಾನು ದೊಡ್ಡ ದನಿಯಲ್ಲಿ ವೈದ್ಯರ ಕಡೆ ತಿರುಗಿ ಹೇಳಿದ್ದೆ. ನನ್ನದಕ್ಕಿಂತ ಅದು ಚೆನ್ನಾಗಿದೆ ಎಂದು ನನಗೆ ಕೂತಲ್ಲೇ ಗೊತ್ತಾಯಿತು, ಗೊತ್ತಾದದ್ದಕ್ಕೆ ಇನ್ನಷ್ಟು ಉರಿಯಿತು. ಸಿನಿಮಾದ ಕೊನೆಗೆ ಬೆಟ್ಟದ ತುಂಬ ಬಿಳಿ ಹೂ ಅರಳಿತು. ಎಲ್ಲರೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ನನ್ನ ಅಳು ಯಾವುದಕ್ಕೆ ಎಂದು ಯಾರಿಗೂ ಗೊತ್ತಾಗಲಿಲ್ಲ.

ಹೊರಗೆ ಬಂದು ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಕಾರು ನಿಲ್ಲಿಸಿದ ಕಡೆಗೆ ನಡೆಯುವಾಗ ಮಾಂಯ್‌ಯ ಫೋನ್ ಬಂತು. ಅಂದು ಪ್ರದರ್ಶನ ಎಂದು ಅವರಿಗೆ ಗೊತ್ತಿತ್ತು. ಹಲೋ ಕೂಡ ಇಲ್ಲ. “ಯಾರು?”

“ನೀವೇ ಮಾಂಯ್.”

ಆ ಕಡೆ ಕುಕ್ಕರು ಕೂಗಿ ನಿಂತಿತು. “ನೀನು ಎಲ್ಲಿಯೂ ಇಲ್ಲವಾ?”

“ಇದ್ದೇನೆ. ಮುಸುಕು ಹಾಕಿ, ಕೊಡ ಹಿಡಿದುಕೊಂಡು.”

“ಬೇಜಾರಾಯಿತಾ?”

“ತುಂಬ.”

“ನಿನ್ನದು ಇಟ್ಟಿದ್ದರೆ ನನಗೂ ಆಗುತ್ತಿತ್ತು,” ಎಂದರು. ಆಮೇಲೆ ಯಾರು ಮೊದಲು ನಕ್ಕರೋ, ಇಬ್ಬರಿಗೂ ನಗು ತಡೆಯಲಾಗಲಿಲ್ಲ. “ಸರಿ, ಈಗ ಹೇಳು. ಹೇಗೆ ಕಾಣುತ್ತೇನೆ? ಮೊದಲಿನಿಂದ ಹೇಳು.”

ನಾನು ಹೇಳಿದೆ. ಮೊಬೈಲ್ ಅಂಗಡಿಗಳ ಮುಂದೆ, ಫುಟ್‌ಪಾತಿನ ಮೇಲೆ, ಅವರು ಬಾಗಿಲಲ್ಲಿ ತಿರುಗಿದ್ದು, ಹೊದಿಕೆ ಎಳೆದದ್ದು, ಮಾತು ಹೇಳಿದ್ದು, ಎಲ್ಲವನ್ನೂ ಅವರ ದನಿಯಲ್ಲೇ ಮಾಡಿ ತೋರಿಸಿದೆ. ಅಂಗಡಿಯವನೊಬ್ಬ ಹೊರಗೆ ಬಂದು ನೋಡುತ್ತಾ ನಿಂತ. ನಿಕೋಲ್ “ಮಮ್ಮಾ, ಎವ್ರಿವನ್ ಈಸ್ ಲುಕಿಂಗ್,” ಎಂದು ನನ್ನ ತೋಳು ಎಳೆದಳು. ನಾನು ನಿಲ್ಲಿಸಲಿಲ್ಲ. ಆ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸುತ್ತಿತ್ತು.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ಊರಿಗೆ ಹೋದಾಗ ಜನ ಅವರನ್ನು ನಿಲ್ಲಿಸಿ ಮಾತಾಡಿಸುವಾಗ ಈಗಲೂ ಎದೆಯಲ್ಲಿ ಚುರುಕ್ ಎನ್ನುತ್ತದೆ. ಮಾಂಯ್ ಅವರಿಗೆಲ್ಲ ಆ ದಿನದ ಕಥೆಯನ್ನು ಪೂರ್ತಿ ಹೇಳುತ್ತಾರೆ. ಮುಗಿಸುವಾಗ ನನ್ನ ಕಡೆ ಕೈ ತೋರಿಸಿ, “ಮೊದಲು ಮಾಡಿದ್ದು ಇವಳು. ಇವಳನ್ನು ನೋಡಿಯೇ ನಾನು ಕಲಿತದ್ದು,” ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ತಿದ್ದಲು ಹೋಗುವುದಿಲ್ಲ.